ಸೂರ್ ಶಾಖೆಯ ವಿಷಯವಾಗಿ

ಬೌಷರ್, ಮಸ್ಕತ್
ಶನಿವಾರ, 9 ನವೆಂಬರ್ 2024

ಪ್ರೀತಿಯ ದೊರೆ,

ನೀನೂ ಅತ್ತಿಗೆಯೂ ಸೌಖ್ಯವೆಂದು ನಂಬಿದ್ದೇನೆ. ಮೊಣಕಾಲಿನ ಆಪರೇಷನ್ ಆದ ಮೇಲೆ ನೀನು ಕೋಲಿಲ್ಲದೆ ಕುಕ್ಕರಹಳ್ಳಿ ಕೆರೆ ಸುತ್ತುತ್ತೀಯ ಎಂದು ನಿನ್ನ ಮಗಳು ಆಶಿತಾ ಹೇಳಿದ್ದಳು. ಕೇಳಿ ಸಂತೋಷವಾಯಿತು. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದ್ದರಿಂದ ಬರೆದಿದ್ದೇನೆ.

ಮೇ ತಿಂಗಳಲ್ಲಿ ನೀನು ಕೈಯಾರೆ ಬರೆದು ಕಳಿಸಿದ ನಾಲ್ಕು ಪುಟಕ್ಕೆ ನವೆಂಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಕ್ಷಮಿಸು. ಆಫೀಸಿನ ಕೆಲಸ, ಕಣ್ಣಿನ ಪೊರೆ ಎಂದೆಲ್ಲ ನೆಪ ಹೇಳಬಹುದು. ನಿನ್ನ ಹತ್ತಿರ ಅದು ನಡೆಯುವುದಿಲ್ಲ. ಉತ್ತರ ಗೊತ್ತಿತ್ತು, ಬರೆಯುವ ಧೈರ್ಯ ಇರಲಿಲ್ಲ. ಈಗ ಬರೆಯದೆ ಬೇರೆ ದಾರಿಯಿಲ್ಲ, ಏಕೆಂದರೆ ಅರ್ಧ ಸುದ್ದಿ ಮಗಳ ಫೋನಿನಿಂದ ನಿನಗೆ ಮುಟ್ಟಿರುತ್ತದೆ. ಉಳಿದರ್ಧ ನನ್ನಿಂದಲೇ ಕೇಳು. ನಿನ್ನ ಅಳಿಯ ಅನೂಪನನ್ನು ಹಿಡಿದುಕೊಟ್ಟವನು ನಾನು. ಅದನ್ನು ಬೇಕೆಂದೇ, ಐದು ವಾರ ಹೊಂಚು ಹಾಕಿ, ನಾಲ್ಕು ಜನರ ಮುಂದೆ ಮಾಡಿದೆ. ಪಶ್ಚಾತ್ತಾಪ ಪಡುತ್ತೇನೆಯೇ ಎಂದು ನೀನು ಕೇಳಿದರೆ, ಇಲ್ಲ.

ನಿನ್ನ ಪತ್ರವನ್ನು ಮತ್ತೆ ಮುಂದಿಟ್ಟುಕೊಂಡಿದ್ದೇನೆ. ‘ಸಿಪ್ರಿ, ಸಭೆಯಲ್ಲಿ ನೀನು ಎರಡೂ ಕಡೆಗೆ ತಲೆಯಾಡಿಸುತ್ತೀಯಂತೆ. ಅಧ್ಯಕ್ಷನ ಮಾತು ಬೇಡ, ನಿನ್ನ ಮನಸ್ಸಿನ ಮಾತು ಹೇಳು’ ಎಂದು ಕೇಳಿದ್ದೀಯ. ಮನೆಗೆಲಸದ ಆ ಹೆಂಗಸರು ತಾವಾಗಿಯೇ ಬರುತ್ತಾರೆ, ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ, ಊರಿನಲ್ಲಿದ್ದರೆ ಇದಕ್ಕಿಂತ ಕಷ್ಟ ಎಂದಿದ್ದೀಯ. ಕೊನೆಗೆ, ಮಸ್ಕತ್ತಿನ ರುವಿಯ ಒಂದೇ ಕೋಣೆಯಲ್ಲಿ ನಾವಿಬ್ಬರೂ ಹುಟ್ಟುಹಾಕಿದ ಕನ್ನಡಿಗರ ಕಾವೇರಿ-ನೇತ್ರಾವತಿ ಕೂಟವನ್ನು ಇಂಥ ಸಣ್ಣ ವಿಷಯಕ್ಕೆ ಒಡೆಯಬೇಡ ಎಂದಿದ್ದೀಯ.

ಸಣ್ಣ ವಿಷಯ. ಆ ಎರಡು ಪದದ ಕೆಳಗೆ ಅಂದು ಪೆನ್ನಿನಿಂದ ಗೆರೆ ಎಳೆದೆ. ಕಾಗದ ಹರಿದಿದೆ.

ನೀನು ಇಲ್ಲಿಂದ ಹೋಗಿ ಆರು ವರ್ಷವಾಯಿತು. ಅನೂಪನ ‘ಗೃಹಸಖಿ’ ಏಜೆನ್ಸಿ ಹೇಗೆ ಬೆಳೆಯಿತೆಂಬುದು ಅವನು ಹೇಳಿದಷ್ಟೇ ನಿನಗೆ ಗೊತ್ತು. ನಾನು ಕಂಡದ್ದನ್ನು ಹೇಳುತ್ತೇನೆ. ಅವನು ಊರ ಕಡೆಯಿಂದ ಮನೆಗೆಲಸಕ್ಕೆ ಹೆಂಗಸರನ್ನು ಕರೆಸುತ್ತಿದ್ದ. ವಿಮಾನ ಇಳಿದ ಕೂಡಲೇ ಪಾಸ್‌ಪೋರ್ಟ್ ಅವನ ಆಫೀಸಿನ ಕಬ್ಬಿಣದ ಬೀರುವಿಗೆ ಹೋಗುತ್ತಿತ್ತು. ಎರಡು ವರ್ಷದ ಕಾಗದ ಮೂರು ವರ್ಷವಾದರೂ ಮುಗಿಯುತ್ತಿರಲಿಲ್ಲ. ಕೆಲಸ ಬೇಡವೆಂದವಳನ್ನು ಇನ್ನೊಂದು ಮನೆಗೆ ಸಾಗಿಸುತ್ತಿದ್ದ. ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಈ ದೇಶದ ಕಾನೂನಿಗೆ ವಿರುದ್ಧ. ಅದು ಅವನಿಗೂ ಗೊತ್ತು, ಅವನ ಗಿರಾಕಿಗಳಾದ ನಮ್ಮ ಸದಸ್ಯರಿಗೂ ಗೊತ್ತು. ಇದಕ್ಕೆ ನಮ್ಮ ಭಾಷೆಯಲ್ಲಿ ಒಂದೇ ಹೆಸರಿದೆ, ಜೀತ. ಒಂಬತ್ತು ವರ್ಷ ಅಧ್ಯಕ್ಷನಾಗಿದ್ದೂ ಆ ಪದವನ್ನು ಸಭೆಯಲ್ಲಿ ಒಂದು ಸಲವೂ ಉಚ್ಚರಿಸಲಿಲ್ಲ. ‘ಗೃಹಸಹಾಯಕರ ಪ್ರಶ್ನೆ’ ಎಂದು ನಡಾವಳಿಯಲ್ಲಿ ಬರೆಸಿದೆ.

ಎರಡು ವರ್ಷದ ಹಿಂದೆ ಜಗಳ ಜೋರಾದಾಗ ರಾಜಿ ಮಾಡಿಸಿದವನೂ ನಾನೇ. ಮಸ್ಕತ್ತಿನಲ್ಲಿ ಈಗಾಗಲೇ ಇರುವ ಹೆಂಗಸರು ಇರಲಿ, ಆದರೆ ಮಸ್ಕತ್ ದಾಟಿ ಈ ಏರ್ಪಾಡು ಹರಡಬಾರದು ಎಂದು ಠರಾವು ಬರೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಮ್ಮ ಕಾವೇರಿ ಕಡೆಯವರಿಗೆ ಇದ್ದದ್ದು ಉಳಿಯಿತು, ನಮ್ಮ ನೇತ್ರಾವತಿ ಕಡೆಯವರಿಗೆ ಗೆದ್ದ ಹಾಗಾಯಿತು. ನಮ್ಮವರು ಕರುಣೆಯಿಂದ ವಿರೋಧಿಸಿದರು ಎಂದು ತಿಳಿಯಬೇಡ. ಅನೂಪ್ ನಿಮ್ಮವನು ಎಂಬುದೇ ಅರ್ಧ ಕಾರಣ. ಹೀಗೆ ಹದಿನೇಳು ಹೆಂಗಸರನ್ನು ಅಡಿಪಾಯಕ್ಕೆ ಹಾಕಿ ಕೂಟವನ್ನು ಉಳಿಸಿದೆ. ಮನೆಗೆ ಬಂದು ಹೆಂಡತಿ ರೋಸಲಿಂಡಳ ಮುಂದೆ ಜಂಬ ಕೊಚ್ಚಿಕೊಂಡೆ ಕೂಡ.

ಈ ವರ್ಷ ಅನೂಪನಿಗೆ ಸೂರ್ ಪಟ್ಟಣವೂ ಬೇಕಾಯಿತು. ಅಲ್ಲಿನ ಗ್ಯಾಸ್ ಸ್ಥಾವರದಲ್ಲಿ ನಮ್ಮವರ ಸಂಸಾರಗಳು ಸಾಕಷ್ಟಿವೆ. ಕೂಟ ಸೂರಿನಲ್ಲಿ ಶಾಖೆ ತೆರೆಯಬೇಕು, ಅದರ ಹೆಸರಿನಲ್ಲಿ ಸದಸ್ಯರ ಮನೆಗಳಿಗೆ ಹೆಂಗಸರನ್ನು ಒದಗಿಸಬೇಕು ಎಂದು ಅವನ ಯೋಜನೆ. ಕಾರ್ಯದರ್ಶಿ ಕಿಶನ್ ಅವನ ಬೆನ್ನಿಗೆ ನಿಂತ. ‘ಅಂಕಲ್, ಅವರಿಗೂ ಒಳ್ಳೇದು, ನಮಗೂ ಒಳ್ಳೇದು. ಇದನ್ನ ಸೇವೆ ಅಂತ ತಗೊಳ್ಳಿ’ ಎಂದ ಅನೂಪ್. ನಾನು ಎಂದಿನಂತೆ ಎರಡೂ ಕಡೆಗೆ ತಲೆಯಾಡಿಸುತ್ತ ದಿನ ತಳ್ಳಿದೆ. ನಿನ್ನ ಪತ್ರ ಬಂದದ್ದು ಆಗಲೇ.

ಸೆಪ್ಟೆಂಬರ್ ಹದಿನೈದಕ್ಕೆ ನನ್ನ ಆಫೀಸಿಗೆ ತೌಸೀಫ್ ಬಂದ. ಅನೂಪನ ವ್ಯಾನ್ ಓಡಿಸುವ ಉಪ್ಪಿನಂಗಡಿಯವನು. ಕೂರಲು ಹೇಳಿದರೂ ಕೂರಲಿಲ್ಲ.

‘ಸರ್, ನಿಮ್ಮತ್ರ ಒಂದು ವಿಷಯ ಹೇಳ್ಲಿಕ್ಕುಂಟು. ಹೇಳಿದ್ರೆ ನನ್ನ ಕೆಲಸ ಹೋಗ್ತದೆ. ಹೇಳದಿದ್ರೆ ನಂಗೆ ನಮಾಜಿಗೆ ನಿಲ್ಲಿಕ್ಕೆ ಆಗುದಿಲ್ಲ.’

ಕಿಶನನ ಮನೆಯಲ್ಲಿ ತಾಯಮ್ಮ ಎಂಬ ಹೆಂಗಸಿದ್ದಳು. ನಿಮ್ಮ ಎಚ್.ಡಿ. ಕೋಟೆ ಕಡೆಯವಳು, ನಲವತ್ತರ ಆಸುಪಾಸು. ಊರಿಗೆ ಕಳಿಸಿ ಎಂದು ಹಟ ಹಿಡಿದದ್ದಕ್ಕೆ ಜೂನಿನಲ್ಲೇ ಅವಳನ್ನು ಸದ್ದಿಲ್ಲದೆ ಸೂರಿಗೆ ಸಾಗಿಸಿದ್ದರು. ಶಾಖೆ ಇನ್ನೂ ಠರಾವೇ ಆಗಿರಲಿಲ್ಲ, ನೋಡು. ಸಾಗಿಸಿದವನು ತೌಸೀಫನೇ.

‘ಅವಳ ಮಗಳು ಬಸುರಿ ಇದ್ಲಂತೆ ಸರ್. ಜುಲೈಯಲ್ಲಿ ಹೆರಿಗೆ ಆಗುವಾಗ ತೀರಿಕೊಂಡ್ಲು, ಮಗುವೂ ಹೋಯ್ತು. ಊರಿಂದ ಆಫೀಸಿಗೆ ಫೋನ್ ಬಂದಿತ್ತು, ಆಗ ನಾನು ಅಲ್ಲೇ ಇದ್ದೆ. ಅನೂಪ್ ಸರ್ ಹೇಳಿದ್ರು, ಈಗ ಹೇಳಿದ್ರೆ ಹೆಂಗಸು ಕೆಲಸ ಮಾಡುದಿಲ್ಲ, ಸುಮ್ನಿರು ಅಂತ. ಎರಡು ತಿಂಗಳಾಯ್ತು. ಅವಳಿಗೆ ಇನ್ನೂ ಗೊತ್ತಿಲ್ಲ.’

ಶುಕ್ರವಾರ ಬೆಳಿಗ್ಗೆ ರೋಸಲಿಂಡಳನ್ನು ಕರೆದುಕೊಂಡು ಸೂರಿಗೆ ಹೊರಟೆ. ದಾರಿಯುದ್ದಕ್ಕೂ ಅವಳು ಜಪಮಣಿ ಹಿಡಿದು ಕುಳಿತಿದ್ದಳು. ಆ ಮನೆ ತಲುಪಿದಾಗ ಅವಳೊಬ್ಬಳೇ ಒಳಗೆ ಹೋದಳು. ನಾನು ಕಾರಿನ ಹತ್ತಿರವೇ ನಿಂತೆ. ಒಳಗೆ ನಡೆದದ್ದನ್ನು ಅವಳು ಆಮೇಲೆ ಹೇಳಿದಂತೆ ಬರೆಯುತ್ತೇನೆ.

ಮನೆಯೊಡತಿ ತುಮಕೂರಿನವಳು, ಕೆಟ್ಟವಳಲ್ಲ. ‘ನಾವು ತಿನ್ನೋದನ್ನೇ ಅವಳಿಗೂ ಕೊಡ್ತೀವಿ ಆಂಟಿ’ ಎಂದು ಬಾಗಿಲಲ್ಲೇ ಶುರು ಮಾಡಿದಳಂತೆ. ತಾಯಮ್ಮ ಅಡುಗೆಮನೆಯಲ್ಲಿದ್ದಳು. ರೋಸಲಿಂಡ್ ಅವಳ ಕೈಹಿಡಿದು ವಿಷಯ ಹೇಳಿದಳು. ತಾಯಮ್ಮ ಉಕ್ಕುತ್ತಿದ್ದ ಹಾಲನ್ನು ಇಳಿಸಿದಳು. ಒಲೆ ಆರಿಸಿದಳು. ಆಮೇಲೆ ‘ಯಾವತ್ತು?’ ಎಂದಳು.

‘ಜುಲೈ ಹತ್ತೊಂಬತ್ತು, ಶುಕ್ರವಾರ.’

ತಾಯಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳಂತೆ. ‘ಅವತ್ತು ಈ ಮನೆ ಮಗೀನ ಹುಟ್ಟಿದಬ್ಬ ಕಣ್ರವ್ವಾ. ನಾನು ಪೂರಿ ಕರೀತಾ ಇದ್ದಿ. ಎಲ್ರೂ ನಗ್ತಾ ಇದ್ರು, ನಾನೂವೆ ನಕ್ಕಿ’ ಎಂದಳು. ಅಳಲಿಲ್ಲ. ಮನೆಯೊಡತಿಯೇ ಬಿಕ್ಕಿಬಿಕ್ಕಿ ಅತ್ತಳು, ಅನೂಪನಿಗೆ ಏನೂ ತಿಳಿಸುವುದಿಲ್ಲ ಎಂದು ಮಾತು ಕೊಟ್ಟಳು. ರೋಸಲಿಂಡ್ ಯಾರ ಒಪ್ಪಿಗೆಯನ್ನೂ ಕೇಳದೆ ತಾಯಮ್ಮನನ್ನು ಕರೆದುಕೊಂಡು ಬಂದು ಹಿಂದಿನ ಸೀಟಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡಳು.

ಆ ಇನ್ನೂರು ಕಿಲೋಮೀಟರಿನಲ್ಲಿ ನಾನು ಅನೂಪನನ್ನು ಹೇಗೆಲ್ಲ ಕೊಂದೆನೋ ನಿನಗೆ ಹೇಳಲಾರೆ. ಆಶಿತಾ ಹುಟ್ಟಿದ ದಿನ ನೀನು ಸೊಹಾರಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ, ಅವಳನ್ನು ಮೊದಲು ಎತ್ತಿಕೊಂಡವನು ನಾನು. ಇವನು ಅವಳ ಗಂಡ ಎಂಬುದು ನೆನಪಾಗುತ್ತಿತ್ತು. ನೆನಪಾದಷ್ಟೂ ಕೋಪ ಹೆಚ್ಚಾಯಿತು, ಕಡಿಮೆಯಾಗಲಿಲ್ಲ.

ಮಾರನೆಯ ದಿನ ರೋಸಲಿಂಡ್, ‘ಕಾರ್ಮಿಕ ಇಲಾಖೆಗೆ ಹೋಗಿ, ದೂರು ಕೊಡಿ. ಇವತ್ತೇ ಹೋಗಿ’ ಎಂದಳು. ನಾನು ಹೋಗಲಿಲ್ಲ. ದೂರು ಕೊಟ್ಟರೆ ಯಾವುದೋ ಕೋಣೆಯಲ್ಲಿ ಯಾರೋ ಅವನನ್ನು ವಿಚಾರಿಸುತ್ತಾರೆ, ಅವನು ವಕೀಲನನ್ನು ಹಿಡಿಯುತ್ತಾನೆ, ಕೂಟದಲ್ಲಿ ಅದೇ ನಗುಮುಖದಿಂದ ಓಡಾಡುತ್ತಾನೆ. ಅದು ನನಗೆ ಸಾಲದಾಗಿತ್ತು. ಯಾವ ಜನರ ಚಪ್ಪಾಳೆಯ ಮೇಲೆ ಅವನು ನಿಂತಿದ್ದನೋ ಆ ಜನರ ಕಣ್ಣೆದುರೇ ಬೀಳಬೇಕು, ಬೀಳಿಸಿದ್ದು ಯಾರೆಂದು ಅವನಿಗೆ ತಿಳಿಯಬೇಕು.

‘ನೀವು ನ್ಯಾಯ ಕೇಳ್ತಾ ಇಲ್ಲ, ನಾಟಕ ಕಟ್ತಾ ಇದ್ದೀರಿ. ಉಳಿದ ಹದಿನಾರು ಜನ ಅಲ್ಲಿವರೆಗೆ ಎಂತ ಮಾಡ್ಬೇಕು?’ ಎಂದಳು ರೋಸಲಿಂಡ್.

ಆದರೂ ಕಾದೆ.

ಮೊದಲು ಅನೂಪನಿಗೆ ಫೋನ್ ಮಾಡಿ, ‘ರೋಸಲಿಂಡಳ ಬೆನ್ನು ನೋವು ಜಾಸ್ತಿಯಾಗಿದೆ, ತಾಯಮ್ಮ ನಮ್ಮಲ್ಲೇ ಇರಲಿ’ ಎಂದೆ. ಆ ಕಡೆಯಿಂದ ಎಂಥ ನಗು ಅಂತೀಯ! ಕೊನೆಗೂ ಅಧ್ಯಕ್ಷರು ನಮ್ಮ ದಾರಿಗೆ ಬಂದರು ಎಂಬ ನಗು. ‘ಮಗಳ ವಿಷಯ ಅವಳಿಗೆ ಗೊತ್ತಾ ಅಂಕಲ್?’ ಎಂದು ಮೆಲ್ಲಗೆ ಕೇಳಿದ. ‘ಯಾವ ವಿಷಯ?’ ಎಂದೆ. ‘ಏನಿಲ್ಲ, ಬಿಡಿ’ ಎಂದ.

ವಾರ ಬಿಟ್ಟು ಅವನನ್ನು ಮನೆಗೆ ಕರೆಸಿ, ಸೂರ್ ಶಾಖೆಗೆ ನನ್ನ ವಿರೋಧವಿಲ್ಲ ಎಂದೆ. ಕೂಟದ ಹೆಸರು ಬರುವುದರಿಂದ ಎಲ್ಲವೂ ಕ್ರಮಬದ್ಧವಾಗಿರಲಿ, ಈಗಿರುವ ಹೆಂಗಸರ ಪಟ್ಟಿ ಕೊಡು, ಯಾರು, ಯಾವ ಮನೆಯಲ್ಲಿ, ಎಂದಿನಿಂದ, ಪಾಸ್‌ಪೋರ್ಟ್ ಎಲ್ಲಿದೆ ಎಲ್ಲ ಬರೆದುಕೊಡು ಎಂದೆ. ಮೂರೇ ದಿನದಲ್ಲಿ ತಂದುಕೊಟ್ಟ. ಪ್ರತಿ ಪುಟಕ್ಕೂ ಸಹಿ, ಮೊಹರು. ಪಾಸ್‌ಪೋರ್ಟ್ ಎಂಬ ಕಾಲಮ್ಮಿನಲ್ಲಿ ‘ಕಚೇರಿಯ ಸುಪರ್ದಿಯಲ್ಲಿದೆ’ ಎಂದು ಹದಿನೇಳು ಸಲ ಬರೆದಿದ್ದ. ಹೊರಡುವಾಗ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಚೆನ್ನಾಗಿರು ಎಂದು ಆಶೀರ್ವಾದವನ್ನೂ ಮಾಡಿದೆ. ಅಷ್ಟು ಸಲೀಸಾಗಿ ನಾನು ಸುಳ್ಳು ಆಶೀರ್ವಾದ ಮಾಡಬಲ್ಲೆ ಎಂದು ಅಂದೇ ಗೊತ್ತಾದದ್ದು.

ಅಕ್ಟೋಬರ್ ಇಪ್ಪತ್ತನಾಲ್ಕು, ಗುರುವಾರ ಸಂಜೆ, ಖುರುಮ್‌ನ ಹೋಟೆಲೊಂದರ ಸಭಾಂಗಣದಲ್ಲಿ ಮಹಾಸಭೆ. ಶಾಖೆಯ ಠರಾವು, ಅದಕ್ಕೂ ಮುಂಚೆ ಅನೂಪನಿಗೆ ಸನ್ಮಾನ. ಎರಡು ದಿನ ಮೊದಲೇ ನಾನು ವಕೀಲರೊಡನೆ ಹೋಗಿ ಅವನ ಸಹಿಯಿರುವ ಪಟ್ಟಿಯನ್ನು ಇಲಾಖೆಗೆ ಕೊಟ್ಟಿದ್ದೆ. ಗುರುವಾರ ಮಧ್ಯಾಹ್ನ ಅವನು ಸಭಾಂಗಣದಲ್ಲಿ ಹೂವಿನ ಅಲಂಕಾರ ಮಾಡಿಸುತ್ತಿದ್ದಾಗ ಅಧಿಕಾರಿಗಳು ಅವನ ಆಫೀಸಿನ ಬೀರು ತೆರೆಸಿದರು. ಬೀಗದ ಕೈ ಕೊಟ್ಟವನು ಅವನ ಒಮಾನಿ ಪಾಲುದಾರನೇ. ‘ನನ್ನ ಹೆಸರಿನಲ್ಲಿ ಇದೇನು ಮಾಡಿಟ್ಟಿದ್ದಾನೆ? ಖಲಾಸ್, ಇವನ ಸಹವಾಸ ಸಾಕು’ ಎಂದನಂತೆ. ವಕೀಲರು ನನಗೆ ಫೋನಿನಲ್ಲಿ ತಿಳಿಸಿದರು.

ಹೀಗೆ ಎಲ್ಲ ಗೊತ್ತಿದ್ದೇ ವೇದಿಕೆ ಹತ್ತಿದೆ. ಶಾಲು ಹೊದಿಸಿದೆ. ಹಾರ ಹಾಕಿದೆ. ಮೈಸೂರು ಪೇಟವನ್ನು ನನ್ನ ಕೈಯಿಂದಲೇ ಅವನ ತಲೆಗೆ ತೊಡಿಸಿದೆ. ಸ್ವಲ್ಪ ಸಡಿಲವಾಗಿತ್ತು, ಸರಿಯಾಗಿ ಒತ್ತಿ ಕೂರಿಸಿದೆ. ಚಪ್ಪಾಳೆ ನಿಂತ ಮೇಲೆ ಮೈಕ್ ಹಿಡಿದು, ‘ಠರಾವಿಗೆ ಮುಂಚೆ ಒಂದು ಪಟ್ಟಿ ಓದುತ್ತೇನೆ’ ಎಂದೆ.

ಹದಿನೇಳು ಹೆಸರು. ಒಂದೊಂದು ಹೆಸರಿನ ಜೊತೆ ಅವಳ ಊರು, ಅವಳು ದುಡಿಯುವ ಮನೆ, ಎಷ್ಟು ವರ್ಷದಿಂದ ಊರು ಕಂಡಿಲ್ಲ ಎಂಬುದು. ಮೊದಲ ಎರಡು ಹೆಸರಿಗೆ ಜನ ನಗುನಗುತ್ತ ಕೇಳಿದರು, ಯಾವುದೋ ಬಹುಮಾನದ ಪಟ್ಟಿ ಎಂದುಕೊಂಡಿರಬೇಕು. ಐದನೆಯ ಹೆಸರಿಗೆ ಮುಂದಿನ ಸಾಲು ನೆಲ ನೋಡತೊಡಗಿತು. ಕಿಶನ್ ಎದ್ದು, ‘ಇದು ನೇತ್ರಾವತಿಯವರ ಸಂಚು!’ ಎಂದು ಕಿರುಚಿದ. ‘ಕೂತ್ಕೊ ಕಿಶನ್, ನಿಮ್ಮ ಮನೆ ಇನ್ನೂ ಬಂದಿಲ್ಲ’ ಎಂದೆ. ನಮ್ಮ ಕಡೆಯ ನಾಲ್ಕು ಮನೆಗಳ ಹೆಸರನ್ನೂ ಓದಿದೆ. ಅದರಲ್ಲೊಂದು ರೋಸಲಿಂಡಳ ಚಿಕ್ಕಪ್ಪನ ಮಗಳು ಜೊವಿಟಾಳದು. ಆಗ ಎರಡೂ ನದಿ ಒಂದೇ ಸಲ ಬತ್ತಿದವು, ದೊರೆ. ಆಮೇಲೆ, ಒಂಬತ್ತು ವರ್ಷ ಆಡದ ಆ ಪದವನ್ನು ಆಡಿದೆ. ಜೀತ ಎಂದೆ. ಮೈಕಿನಲ್ಲಿ ಅದು ಗಟ್ಟಿಯಾಗಿ ಕೇಳಿಸಿತು.

ತಾಯಮ್ಮನಿಂದ ಭಾಷಣ ಮಾಡಿಸಬೇಕೆಂದು ನನ್ನ ಆಸೆಯಿತ್ತು. ಅವಳು ನನ್ನ ಆಸೆಯನ್ನು ನಡೆಸಿಕೊಡಲಿಲ್ಲ. ರೋಸಲಿಂಡಳ ಜೊತೆ ಹಿಂದಿನ ಬಾಗಿಲಿನಿಂದ ಬಂದವಳು ಸೀದಾ ವೇದಿಕೆ ಹತ್ತಿ ಅನೂಪನ ಮುಂದೆ ನಿಂತಳು. ಮಗಳ ಹೆಸರೆತ್ತಲಿಲ್ಲ, ಬಯ್ಯಲಿಲ್ಲ. ಪಾಸ್‌ಪೋರ್ಟಿಗಾಗಿ ಕೈ ಚಾಚಿ, ‘ನನ್ ಬುಕ್ಕು ಕೊಡಪ್ಪ, ಊರ್ಗೆ ಹೋಗ್ಬೇಕು’ ಎಂದಳು, ಅಷ್ಟೇ.

ಆಗಲೇ ಇಬ್ಬರು ಅಧಿಕಾರಿಗಳು ಒಳಗೆ ಬಂದು, ಹೇಳಿಕೆ ಕೊಡಲು ತಮ್ಮೊಡನೆ ಬರಬೇಕೆಂದು ಅವನಿಗೆ ಸೌಜನ್ಯದಿಂದಲೇ ಹೇಳಿದರು. ಅನೂಪ್ ನನ್ನತ್ತ ತಿರುಗಿ ‘ಅಂಕಲ್...?’ ಎಂದ. ಅವನಿಗೆ ಅರ್ಥವಾಗುವವರೆಗೂ ಅವನ ಕಣ್ಣನ್ನೇ ನೋಡುತ್ತಿದ್ದೆ. ಕುರ್ಚಿಗಳ ಸಾಲಿನ ನಡುವೆ ಅವನು ಹಾರ, ಶಾಲು, ಪೇಟದ ಸಮೇತ ನಡೆದುಹೋದ. ಪೇಟ ತೆಗೆ ಎಂದು ನಾನು ಹೇಳಲಿಲ್ಲ. ಹೇಳಬಹುದಿತ್ತು. ಹೇಳದೆ ನಿಂತು ಸವಿದೆ. ಇದನ್ನು ಪಾದ್ರಿಯ ಮುಂದೆ ಪಾಪನಿವೇದನೆಯಲ್ಲೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಈಗ ಸುದ್ದಿ ಹೀಗಿದೆ. ಹನ್ನೊಂದು ಜನ ಊರಿಗೆ ಹೋದರು ಅಥವಾ ಹೊರಟಿದ್ದಾರೆ. ಆರು ಜನ ತಮ್ಮ ಪಾಸ್‌ಪೋರ್ಟನ್ನು ತಾವೇ ಇಟ್ಟುಕೊಂಡು ಹೊಸ ಒಪ್ಪಂದದ ಮೇಲೆ ಇಲ್ಲೇ ಉಳಿದಿದ್ದಾರೆ. ‘ತಾವಾಗಿಯೇ’ ಎನ್ನುವ ಪದವನ್ನು ಈಗ ಬಳಸು, ದೊರೆ, ಈಗ ಒಪ್ಪುತ್ತದೆ. ತಾಯಮ್ಮ ಹೋದ ಶನಿವಾರ ವಿಮಾನ ಹತ್ತಿದಳು. ಅನೂಪ್ ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ಕೇಸು ಮುಗಿಯುವವರೆಗೂ ಈ ದೇಶ ಬಿಡುವಂತಿಲ್ಲ. ಅವನ ಪಾಸ್‌ಪೋರ್ಟೂ ಈಗ ಬೇರೆಯವರ ಬೀರುವಿನಲ್ಲಿದೆ. ಇದನ್ನು ಬರೆಯುವಾಗ ನಗು ಬಂತು. ಕ್ಷಮಿಸು, ಅಥವಾ ಕ್ಷಮಿಸಬೇಡ.

ಕೂಟ ಒಡೆಯಿತು. ಕಾವೇರಿಯವರು ಬೇರೆ, ನೇತ್ರಾವತಿಯವರು ಬೇರೆ. ಎರಡೂ ಕಡೆಯವರಿಗೆ ನಾನು ಬೇಡ. ಮೊದಲ ಸಲ ಒಂದು ವಿಷಯದಲ್ಲಿ ಒಮ್ಮತ ಬಂದಿದೆ.

ಆಶಿತಾ ಕಳೆದ ಸೋಮವಾರ ಮಗಳು ದಿಶಾಳನ್ನು ಎತ್ತಿಕೊಂಡು ಬಂದಿದ್ದಳು. ರೇಗಾಡುತ್ತಾಳೆ ಎಂದು ಕಾದಿದ್ದೆ. ಚಹಾ ಕುಡಿದು ಲೋಟ ಕೆಳಗಿಟ್ಟು, ‘ಕಂಪ್ಲೇಂಟ್ ಕೊಟ್ಟಿದ್ದಕ್ಕೆ ನಂಗೆ ಬೇಜಾರಿಲ್ಲ ಅಂಕಲ್. ಆ ತಾಯಮ್ಮನ ವಿಷಯ ಕೇಳಿದ್ಮೇಲೆ ಅನೂಪ್ ಮುಖ ನೋಡೋಕೆ ನಂಗೇ ಆಗ್ತಿಲ್ಲ. ಆದ್ರೆ ಪೇಟ ಯಾಕೆ ತೊಡ್ಸಿದ್ರಿ? ಅದರ ವಿಡಿಯೋ ಎಲ್ಲಾರ ಫೋನಲ್ಲೂ ಇದೆ. ಇವ್ಳು ದೊಡ್ಡವಳಾದ್ಮೇಲೆ ನೋಡ್ತಾಳಲ್ಲ?’ ಎಂದಳು. ನಾನು ದಿಶಾಳ ಕೈಗೆ ಬಿಸ್ಕತ್ತು ಕೊಟ್ಟೆ. ಮಗು ‘ಥ್ಯಾಂಕ್ ಯೂ ತಾತ’ ಎಂದಿತು.

ನಿನ್ನ ಮನೆಯ ಮೇಲೆ ಬಿದ್ದ ಈ ಬೆಂಕಿ ಹಚ್ಚಿದ್ದು ನಾನು. ಆದರೂ ಆಶಿತಾಳನ್ನೂ ಮಗುವನ್ನೂ ದೇವರು ತಣ್ಣಗಿಟ್ಟಿರಲಿ. ಇದು ಸುಳ್ಳು ಆಶೀರ್ವಾದವಲ್ಲ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಕೇಳಿಸಿಕೊಂಡರೆ. ನಿನ್ನ ಕಾಲಿನ ಬಗ್ಗೆ ಜೋಪಾನ.

ನಿನ್ನವನೇ ಆಗಿದ್ದ,
ಸಿಪ್ರಿಯನ್

ಮಡಚಿ ಲಕೋಟೆಗೆ ಹಾಕಿದ್ದನ್ನು ಬಿಚ್ಚಿ ಇಷ್ಟು ಸೇರಿಸುತ್ತಿದ್ದೇನೆ.

ಸೂರಿನಲ್ಲಿ ನಾನೇಕೆ ಒಳಗೆ ಹೋಗಲಿಲ್ಲ ಎಂದು ನೀನು ಕೇಳಿಯೇ ಕೇಳುತ್ತೀಯ. ತಾಯಮ್ಮನಿಗೆ ನನ್ನ ಮುಖದ ಪರಿಚಯವಿತ್ತು.

ಜೂನ್ ಏಳು, ಶುಕ್ರವಾರ ಮಧ್ಯಾಹ್ನ, ರೋಸಲಿಂಡ್ ಇಗರ್ಜಿಗೆ ಹೋಗಿದ್ದ ಹೊತ್ತಿನಲ್ಲಿ ತಾಯಮ್ಮ ನಮ್ಮ ಮನೆಯ ಬಾಗಿಲು ಬಡಿದಿದ್ದಳು. ಕಿಶನನ ಮನೆಯಿಂದ ಆ ಬಿಸಿಲಿನಲ್ಲಿ ಬಚ್ಚಲ ಚಪ್ಪಲಿ ಹಾಕಿಕೊಂಡು ನಡೆದೇ ಬಂದಿದ್ದಳು. ‘ಅಧ್ಯಕ್ಷ್ರ ಮನೆ ಇದೇಯಾ ಸ್ವಾಮಿ?’ ಎಂದಳು. ಮಗಳಿಗೆ ರಕ್ತ ಇಲ್ಲವಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ, ‘ಕೂಸು ನನ್ನೇ ಕೇಳ್ತಾ ಅದೆ. ನಂಗೆ ಏನೂ ಬ್ಯಾಡ, ನನ್ ಬುಕ್ಕು ಕೊಡ್ಸಿ’ ಎಂದಳು. ನಾನು ಅವಳಿಗೆ ಕುರ್ಚಿ ಕೊಟ್ಟೆ, ನೀರು ಕೊಟ್ಟೆ, ಆಮೇಲೆ ಅನೂಪನಿಗೆ ಫೋನ್ ಮಾಡಿದೆ. ದೂರು ಕೊಟ್ಟರೆ ಕೂಟ ಒಡೆಯುತ್ತದೆ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ‘ಒಂದು ವಾರದಲ್ಲಿ ಊರಿಗೆ ಕಳಿಸ್ತೀನಿ ಅಂಕಲ್’ ಎಂದ ಅವನು. ನಂಬಿದೆ ಎಂದು ಬರೆಯಹೊರಟಿದ್ದೆ. ನಂಬಲಿಲ್ಲ, ನಂಬಿದವನ ಹಾಗೆ ಇದ್ದುಬಿಟ್ಟೆ. ಆಮೇಲೆ ಒಂದು ಸಲವೂ ವಿಚಾರಿಸಲಿಲ್ಲ.

ಅನೂಪನ ಕಾರು ಬಂದಾಗ ಅವಳು ನಮ್ಮ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅನೂಪ್ ಕಾರಿನಿಂದ ಇಳಿಯಲೇ ಇಲ್ಲ. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ನಾನು. ಮಗಳು ಅದಾದ ಮೇಲೆ ನಲವತ್ತೆರಡು ದಿನ ಬದುಕಿದ್ದಳು.

ಆರು ವಾರ ನಮ್ಮ ಮನೆಯಲ್ಲಿದ್ದರೂ ತಾಯಮ್ಮ ಇದನ್ನು ರೋಸಲಿಂಡಳಿಗೆ ಹೇಳಲಿಲ್ಲ. ನಾನೂ ಹೇಳಿಲ್ಲ. ಸಭೆಯಲ್ಲಿ ಹದಿನೇಳು ಮನೆಗಳ ಹೆಸರು ಓದಿದೆನಲ್ಲ, ಹದಿನೆಂಟನೆಯದನ್ನು, ನನ್ನ ಮನೆಯದನ್ನು, ಓದಲಿಲ್ಲ.

ಅನೂಪನ ವಕೀಲ ಈ ಹಾಳೆಯನ್ನು ನೋಡಿದರೆ ಅವನಿಗೆ ಬಹಳ ಉಪಯೋಗವಾಗುತ್ತದೆ. ಕಿಶನ್ ಕಂಡರೆ ಪ್ರತಿ ಮಾಡಿಸಿ ಹಂಚುತ್ತಾನೆ. ನಾನು ತೀರಿಸಿಕೊಳ್ಳಬೇಕಾದದ್ದನ್ನು ತೀರಿಸಿಕೊಂಡೆ. ಇನ್ನು ನಿನ್ನ ಸರದಿ. ಗೆಳೆತನದ ನೆನಪಿನಿಂದ ಈ ಹಾಳೆಯನ್ನು ಹರಿದು ಹಾಕಬೇಡ, ದೊರೆ. ಆಶಿತಾಳಿಗೆ ಕಳಿಸು.